ಒಂದು ಗೇಣು, ಮೇಲೆ ಮೂರು ಬೆರಳು

"ಮೀನು ಹಿಡಿಯೋಕೆ 300 ಕಿಲೋಮೀಟರ್ ಹೋಗ್ಬೇಕೇನ್ರೀ?" ಎಂದು ಅಕ್ಕ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮೆಲ್ಬೋರ್ನಿನ ಅವರ ಮನೆಯಿಂದ ಅರ್ಧ ಗಂಟೆಗೆ ಪೋರ್ಟ್ ಫಿಲಿಪ್ ಕೊಲ್ಲಿ ಸಿಗುತ್ತದೆ. ಅಲ್ಲಿಯ ಜೆಟ್ಟಿಗಳಲ್ಲೂ ಜನ ಗಾಳ ಹಾಕಿಕೊಂಡು ಕೂತಿರುತ್ತಾರೆ. ಆದರೆ ಭಾವನ ತಲೆಯಲ್ಲಿ ಗಿಪ್ಸ್‌ಲ್ಯಾಂಡ್ ಸರೋವರಗಳು ಕೂತುಬಿಟ್ಟಿದ್ದವು. ಮಾರ್ಚ್ ತಿಂಗಳ ಎರಡನೇ ಸೋಮವಾರ, ಮೆಲ್ಬೋರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಕಾರ್ಮಿಕರ ದಿನದ ರಜೆ. ಶನಿವಾರ, ಭಾನುವಾರ ಸೇರಿದರೆ ಮೂರು ದಿನ. ಆ ಸರೋವರಗಳ ದಂಡೆಯ ಪೇನ್ಸ್‌ವಿಲ್ ಎಂಬ ಪುಟ್ಟ ಊರಿನಲ್ಲಿ ನೀರಿನ ಹತ್ತಿರ ಒಂದು ಕ್ಯಾಬಿನ್ ಸಿಕ್ಕಿತು. ಯಾರೋ ಕೊನೇ ಗಳಿಗೆಯಲ್ಲಿ ಬಿಟ್ಟುಕೊಟ್ಟದ್ದು. ಈ ರಜೆಗೆ ಹೋಗುವವರು ಎರಡು ತಿಂಗಳ ಮೊದಲೇ ಹಿಡಿದಿಡುವುದು ಒಳ್ಳೆಯದು.

ಹೊರಟವರು ನಾಲ್ವರು. ಅಕ್ಕ, ಭಾವ, ಅವರ ಒಂಬತ್ತು ವರ್ಷದ ಮಗಳು ಪುಟ್ಟಿ, ಮತ್ತು ನಾನು. ಭಾವ ಮಲ್ಪೆ ಕಡೆಯವರು. ನಾವು ತೀರ್ಥಹಳ್ಳಿ ಕಡೆಯವರು. ಅವರಿಗೆ ಸಮುದ್ರದ ಜಂಬ, ನನಗೆ ತುಂಗೆಯ ಜಂಬ. ಬಿದಿರು ಕೋಲು, ಕರಟದಲ್ಲಿ ಎರೆಹುಳು, ಇಷ್ಟು ಹಿಡಿದುಕೊಂಡು ಬೇಸಿಗೆ ರಜೆ ಪೂರ್ತಿ ಹೊಳೆದಂಡೆಯಲ್ಲಿ ಕಳೆದವನು ನಾನು. ಭಾವನ ಬಳಿ ಇದ್ದದ್ದು ನಾಲ್ಕು ರೀಲು, ಮೂರು ಡಬ್ಬ ಕೊಕ್ಕೆ ಮತ್ತು ಯೂಟ್ಯೂಬ್ ನೋಡಿ ಬಂದ ಧೈರ್ಯ.

ಶನಿವಾರ

ಬೆಳಿಗ್ಗೆ ಆರೂವರೆಗೆ ಹೊರಟೆವು. ಎಂ1 ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋಗುವುದು ಎಂದರೆ ಸೂರ್ಯನ ಮುಖಕ್ಕೆ ಮುಖ ಕೊಟ್ಟು ಹೋಗುವುದು. ಪಕೆನಮ್ ದಾಟುತ್ತಿದ್ದಂತೆ ಬಿಸಿಲು ನೇರ ಕಣ್ಣಿಗೆ ಬಂತು. ಭಾವ ಕಣ್ಣಿಗೆ ಅಡ್ಡವಾಗಲೆಂದು ಮೇಲಿನ ಫಲಕವನ್ನು ಕೆಳಗೆ ಮಡಚಿದರು. ಅದರ ಹಿಂದಿನಿಂದ ಅಂಗೈಯಗಲದ ಜೇಡವೊಂದು ಅವರ ತೊಡೆಯ ಮೇಲೆ ಬಿತ್ತು.

ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿದ್ದ ಕಾರಿನಲ್ಲಿ ಮುಂದೇನಾಯಿತೆಂದು ವಿವರಿಸುವುದು ಬೇಡ. ರಸ್ತೆ ಪಕ್ಕಕ್ಕೆ ಬಂದು ನಿಂತೆವು, ಎಲ್ಲರೂ ಬದುಕಿದ್ದೆವು, ಅಷ್ಟೇ ಮುಖ್ಯ. ಭಾವ ಕಾರಿನಿಂದ ಹತ್ತು ಅಡಿ ಆಚೆ ನಿಂತು ಪ್ಯಾಂಟು ಕೊಡವುತ್ತಿದ್ದರು. ಪುಟ್ಟಿ ಮಾತ್ರ ಸೀಟಿನಿಂದ ಅಲುಗಾಡಲಿಲ್ಲ. "ಹಂಟ್ಸ್‌ಮನ್ ಅಪ್ಪ, ಅದೇನೂ ಮಾಡಲ್ಲ" ಎಂದಳು. ಅಕ್ಕ ಕೋಡುಬಳೆ ತುಂಬಿದ್ದ ಡಬ್ಬ ಖಾಲಿ ಮಾಡಿ ಕೊಟ್ಟಳು. ಪುಟ್ಟಿ ಅದನ್ನು ಜೇಡದ ಮೇಲೆ ಬೋರಲು ಹಾಕಿ, ಕೆಳಗೆ ಒಂದು ಕಾಗದ ತೂರಿಸಿ, ಬೇಲಿಯಾಚೆಯ ಹುಲ್ಲಿಗೆ ಬಿಟ್ಟು ಬಂದಳು. ಹಂಟ್ಸ್‌ಮನ್ ನೋಡಲು ಭಯಂಕರ. ಆದರೆ ಮನುಷ್ಯರ ಜೀವಕ್ಕೆ ಅದರಿಂದ ಅಪಾಯವಿಲ್ಲ. ಇದೇ ಕುಟುಂಬದ ಜೇಡ ನಮ್ಮ ಮಲೆನಾಡಿನ ಬಚ್ಚಲುಮನೆಗಳಲ್ಲೂ ಗೋಡೆಗೆ ಅಂಟಿಕೊಂಡಿರುತ್ತದೆ. ಊರಲ್ಲಾದರೆ ಅದನ್ನು ಪೊರಕೆಯಲ್ಲಿ ಬಡಿಯುತ್ತಿದ್ದೆವು. ಅಂದಿನಿಂದ ಭಾವ ಕಾರು ಹತ್ತುವ ಮೊದಲು ಫಲಕ ಮಡಚಿ, ತಟ್ಟಿ ನೋಡುತ್ತಾರೆ. ಇದು ಆಸ್ಟ್ರೇಲಿಯಾಕ್ಕೆ ಬರುವ ಯಾರಿಗಾದರೂ ಒಳ್ಳೆಯ ಅಭ್ಯಾಸ.

ವಾರಗಲ್ ತನಕ ಹಸಿರು ಗುಡ್ಡ, ಹಾಲಿನ ಹಸು. ಆಮೇಲೆ ಲಾಟ್ರೋಬ್ ಕಣಿವೆ. ಇದು ಕಂದು ಕಲ್ಲಿದ್ದಲಿನ ಸೀಮೆ. ದೂರದಲ್ಲಿ ಯಲೋರ್ನ್ ವಿದ್ಯುತ್ ಸ್ಥಾವರದ ಬಿಳಿ ಹಬೆ ಮೋಡದ ಹಾಗೆ ನಿಂತಿತ್ತು. ಹೇಜಲ್‌ವುಡ್ ಎಂಬ ಇನ್ನೊಂದು ಸ್ಥಾವರ 2017ರಲ್ಲಿ ಮುಚ್ಚಿತು. ಅದರ ಎಂಟು ಚಿಮಣಿಗಳನ್ನು 2020ರಲ್ಲಿ ಒಂದರ ಹಿಂದೊಂದು ಕೆಡವಿದರು. ಭಾವ ಮೊದಲ ಸಲ ಈ ದಾರಿಯಲ್ಲಿ ಬಂದಾಗ ಆ ಎಂಟೂ ಇದ್ದವಂತೆ, ಈಗ ಎಲ್ಲಿದ್ದವು ಎಂದು ತೋರಿಸಲೂ ಅವರಿಗೆ ಗೊತ್ತಾಗಲಿಲ್ಲ.

ಬೇರ್ನ್ಸ್‌ಡೇಲಿನಲ್ಲಿ ಪೆಟ್ರೋಲು ಹಾಕಿಸಿದೆವು. ಇಲ್ಲಿ ಪೆಟ್ರೋಲ್ ಬಂಕಿನಲ್ಲಿ ಐಸ್‌ಕ್ರೀಮಿನ ಪೆಟ್ಟಿಗೆ ಪಕ್ಕದಲ್ಲೇ ಮೀನಿನ ಎರೆಯ ಪೆಟ್ಟಿಗೆಯೂ ಇರುತ್ತದೆ. ಹೆಪ್ಪುಗಟ್ಟಿದ ಸಿಗಡಿ, ಬೊಂಡಾಸು, ಮತ್ತು ಪಿಲ್ಚರ್ಡ್ ಎಂಬ ಬೆಳ್ಳಿ ಬಣ್ಣದ ಮೀನು. ಭಾವ ಆ ಪೊಟ್ಟಣ ಕೈಯಲ್ಲಿ ಹಿಡಿದು ತುಂಬಾ ಹೊತ್ತು ನಿಂತರು.

"ಇದು ಬೂತಾಯಿ ಅಲ್ವಾ ಮಾರಾಯ?"

ಬೂತಾಯಿಯೇ ಅಲ್ಲ, ಅದರ ದಾಯಾದಿ. ಎರಡೂ ಸಾರ್ಡೀನ್ ಜಾತಿಯವೇ.

"ಬೂತಾಯಿಯನ್ನು ಗಾಳಕ್ಕೆ ಹಾಕುವುದಾ? ಇದನ್ನು ಹಾಕಿ ಹಿಡಿಯುವ ಮೀನು ಇದಕ್ಕಿಂತ ರುಚಿ ಉಂಟಾ?"

ಪೊಟ್ಟಣದ ಮೇಲೆ ಮನುಷ್ಯರು ತಿನ್ನಲು ಅಲ್ಲ ಎಂದು ಬರೆದಿತ್ತು. ಅದನ್ನು ಓದಿದ ಮೇಲೂ ಅವರಿಗೆ ಸಮಾಧಾನ ಆಗಲಿಲ್ಲ.

ಪೇನ್ಸ್‌ವಿಲ್‌ನಲ್ಲಿ ಎತ್ತ ಹೋದರೂ ನೀರು ಎದುರಾಗುತ್ತದೆ. ಮನೆಗಳ ಮುಂದೆ ಕಾರು, ಹಿಂದೆ ದೋಣಿ. ಕ್ಯಾಬಿನ್ನಿಗೆ ಸಾಮಾನು ಎಸೆದು ನಾಲ್ಕು ಗಂಟೆಗೆ ಜೆಟ್ಟಿಗೆ ಹೋದೆವು. ವಿಕ್ಟೋರಿಯಾದಲ್ಲಿ ಗಾಳ ಹಾಕಲು ಲೈಸೆನ್ಸ್ ಬೇಕು. ಮೂರು ದಿನದ್ದೂ ಸಿಗುತ್ತದೆ, ಮೊಬೈಲಿನಲ್ಲೇ ತೆಗೆದುಕೊಳ್ಳಬಹುದು. 18 ತುಂಬದವರಿಗೆ, 70 ಮುಟ್ಟಿದವರಿಗೆ ಬೇಡ. ಊರಿನ ಹೊಳೆಯಲ್ಲಿ ಗಾಳ ಹಾಕಲು ನನಗೆ ಬೇಕಾಗಿದ್ದದ್ದು ಅಮ್ಮನ ಕಣ್ಣು ತಪ್ಪಿಸುವ ಚಾಣಾಕ್ಷತನ ಒಂದೇ.

ನನ್ನ ಮೊದಲ ಎಸೆತದಲ್ಲಿ ಕೊಕ್ಕೆ ಭಾವನ ಟೋಪಿಗೆ ಸಿಕ್ಕಿಕೊಂಡಿತು. ಎರಡನೆಯದು ಪಕ್ಕದ ದೋಣಿಯ ಹಗ್ಗಕ್ಕೆ. ಬಿದಿರು ಕೋಲಿಗೂ ರೀಲಿಗೂ ತುಂಬಾ ವ್ಯತ್ಯಾಸ ಇದೆ. ಮೂರನೆಯದು ನೀರಿಗೆ ಬಿತ್ತು, ಕೂಡಲೇ ದಾರ ಟುಕ್ ಟುಕ್ ಎಂದಿತು. ಎಳೆದರೆ ಚೆಂಡಿನಂತೆ ಉಬ್ಬಿಕೊಂಡ ಒಂದು ಮೀನು, ಮುಖದಲ್ಲಿ ಮೊಲದ ಹಲ್ಲು.

ಜೆಟ್ಟಿಯ ತುದಿಯಲ್ಲಿ ಬಕೆಟ್ ಮಗುಚಿ ಕೂತಿದ್ದ ಒಬ್ಬ ಅಜ್ಜ ನಕ್ಕರು. "ಟೋಡ್‌ಫಿಷ್. ತಿನ್ನಬೇಡಿ, ವಿಷ. ನಿಮ್ಮ ಎರೆ ಎಲ್ಲ ತಿನ್ನೋದು ಅದೇ." ಮುಂದಿನ ಒಂದು ಗಂಟೆ ಅದೇ ಆಯಿತು. ನಾವು ಎರೆ ಹಾಕುವುದು, ಟೋಡ್‌ಫಿಷ್ ತಿನ್ನುವುದು.

ಅಜ್ಜನಿಗೆ ಮಾತು ಬೇಕಿತ್ತು. ಬ್ಲ್ಯಾಕ್ ಬ್ರೀಮ್ ಎಂಬ ಮೀನು ಬೇಕಾದರೆ ನಾಳೆ ಬೆಳಿಗ್ಗೆ ಈಗಲ್ ಪಾಯಿಂಟಿನ ಹೂಳು ದಂಡೆಗೆ ಹೋಗಿ ಎಂದರು. ಸೀಸದ ಗುಂಡು ಆದಷ್ಟು ಚಿಕ್ಕದು ಹಾಕಿ, ಬ್ರೀಮಿಗೆ ಅನುಮಾನ ಜಾಸ್ತಿ ಎಂದರು. ವ್ಯಾಪಾರಕ್ಕೆ ಬಲೆ ಹಾಕುವುದನ್ನು ಈ ಸರೋವರಗಳಲ್ಲಿ 2020ರಲ್ಲಿ ನಿಲ್ಲಿಸಿದರು. ಅದು ಒಳ್ಳೆಯದಾಯಿತಾ ಎಂದು ಕೇಳಿದೆ. "ನನಗೆ ಒಳ್ಳೆಯದು. ಬಲೆ ಹಾಕುತ್ತಿದ್ದವನು ನನ್ನ ಪಕ್ಕದ ಮನೆಯವನು, ಅವನನ್ನು ಕೇಳಿ" ಎಂದರು. ಮೊಬೈಲು ತೆಗೆದು ತಾವು ಹಿಂದೆ ಹಿಡಿದಿದ್ದ ಮೀನಿನ ಫೋಟೊ ತೋರಿಸಿದರು. ಕಿಂಗ್ ಜಾರ್ಜ್ ವೈಟಿಂಗ್. ಉದ್ದ ಮೂತಿ, ಮೈಮೇಲೆ ಚುಕ್ಕಿ.

ಭಾವ ಮೊಬೈಲನ್ನೇ ಕಿತ್ತುಕೊಳ್ಳುವವರ ಹಾಗೆ ಬಾಗಿದರು. "ಇದು ಕಾಣೆ! ನಮ್ಮ ಕಾಣೆ!"

ಅವರು ಹೇಳಿದ್ದು ಸುಳ್ಳಲ್ಲ. ಕರಾವಳಿಯ ಕಾಣೆಯೂ ಇದೂ ಒಂದೇ ಕುಟುಂಬ. ಇದು ಬೆಳೆಯುವುದು ಜಾಸ್ತಿ. ಕಾಣೆಗೆ ರವೆ ಹಚ್ಚಿ ಹುರಿಯುವುದನ್ನು ಭಾವ ಇಂಗ್ಲಿಷಿನಲ್ಲಿ ವಿವರಿಸತೊಡಗಿದರು. ಅಜ್ಜ ಬ್ರೆಡ್ಡಿನ ಪುಡಿ ಸಾಕು ಎಂದರು. ಆ ಚರ್ಚೆ ಸೂರ್ಯ ಮುಳುಗುವ ತನಕ ಮುಗಿಯಲಿಲ್ಲ. ಅದರ ನಡುವೆಯೇ ಭಾವನ ಗಾಳಕ್ಕೆ ಒಂದು ಬ್ರೀಮ್ ಬಿತ್ತು. ಅಜ್ಜ ತಮ್ಮ ಅಳತೆಪಟ್ಟಿ ಹಾಸಿದರು. 26. ಬ್ರೀಮಿಗೆ ಕನಿಷ್ಠ 28 ಸೆಂಟಿಮೀಟರ್ ಇರಬೇಕು. ಬಿಟ್ಟೆವು.

ರಾತ್ರಿ ಕ್ಯಾಬಿನ್ನಿನ ಜಗಲಿಯಲ್ಲಿ ಯಾರೋ ಮುದುಕ ಕೆಮ್ಮಿದ ಸದ್ದು. ಅಕ್ಕ ನನ್ನನ್ನು ಎಬ್ಬಿಸಿದಳು. ಟಾರ್ಚ್ ಹಾಕಿದರೆ ಪಾಸಮ್ ಎಂಬ ದಪ್ಪ ಬಾಲದ ಪ್ರಾಣಿಯೊಂದು ಕೂತು ಡಬ್ಬದಿಂದ ತೆಗೆದಿಟ್ಟಿದ್ದ ಕೋಡುಬಳೆಯ ಪ್ಲಾಸ್ಟಿಕ್ ಚೀಲ ಬಿಚ್ಚುತ್ತಿತ್ತು. ಎರಡೂ ಕೈಯಲ್ಲಿ ಕೋಡುಬಳೆ ಹಿಡಿದು ನಮ್ಮನ್ನೇ ನೋಡಿತು. ಕಾಡುಪ್ರಾಣಿಗಳಿಗೆ ತಿನ್ನಲು ಕೊಡಬಾರದು ಎಂಬುದು ಇಲ್ಲಿಯ ಶಿಸ್ತು. ಆದರೆ ಕೊಡದೆ ತೆಗೆದುಕೊಳ್ಳುವವರಿಗೆ ಏನು ಹೇಳುವುದು? ತಿಂಡಿ ಹೊರಗೆ ಇಟ್ಟಿದ್ದು ನಮ್ಮದೇ ತಪ್ಪು.

ಭಾನುವಾರ

ಈಗಲ್ ಪಾಯಿಂಟ್ ಪೇನ್ಸ್‌ವಿಲ್‌ಗೆ ಹತ್ತಿರ. ಅಲ್ಲಿ ಮಿಚೆಲ್ ನದಿ ಸರೋವರಕ್ಕೆ ಸೇರುತ್ತದೆ. ಸೇರುತ್ತದೆ ಎಂದರೆ ಸುಮ್ನೆ ಸೇರುವುದಿಲ್ಲ. ತಾನು ಹೊತ್ತು ತಂದ ಹೂಳನ್ನು ಎರಡೂ ಬದಿಗೆ ಪೇರಿಸುತ್ತಾ, ಆ ದಂಡೆಗಳ ನಡುವೆಯೇ ಸುಮಾರು ಎಂಟು ಕಿಲೋಮೀಟರ್ ಸರೋವರದೊಳಕ್ಕೆ ಹೋಗಿದೆ. ದಂಡೆಯ ಮೇಲೆ ಮಣ್ಣಿನ ರಸ್ತೆ. ಎಡಕ್ಕೆ ನದಿ, ಬಲಕ್ಕೆ ಸರೋವರ, ಕೆಲವು ಕಡೆ ಎರಡಕ್ಕೂ ಕಲ್ಲೆಸೆಯಬಹುದು. ಬೆಳಿಗ್ಗೆ ಏಳಕ್ಕೆ ನೀರಿನ ಮೇಲೆ ಮಂಜು ಇತ್ತು. ಕಪ್ಪು ಹಂಸಗಳು ಮಂಜಿನಿಂದ ಹೊರಬಂದು ಮತ್ತೆ ಮಂಜಿಗೇ ಹೋಗುತ್ತಿದ್ದವು. ಅಕ್ಕ ಕಾರಿನಲ್ಲೇ ಕಂಬಳಿ ಹೊದ್ದು ಮಲಗಿದಳು.

ದಂಡೆ ಅಲ್ಲಲ್ಲಿ ಕುಸಿದಿದೆ. ಕಲ್ಲು ಸುರಿದು ನಿಲ್ಲಿಸಿದ್ದಾರೆ. ಹಿಂದಿನ ಸಂಜೆ ಅಜ್ಜ ಇದರ ಕಾರಣ ಹೇಳಿದ್ದರು. ಮೊದಲು ಈ ಸರೋವರಗಳಿಗೂ ಸಮುದ್ರಕ್ಕೂ ನಡುವೆ ಮರಳದಿಣ್ಣೆ ಇತ್ತು. ಅದನ್ನು ಕಡಿದು 1889ರಲ್ಲಿ ಹಡಗುಗಳಿಗೆ ಕಾಯಂ ಬಾಗಿಲು ಮಾಡಿದರು. ಅದೇ ಈಗಿನ ಲೇಕ್ಸ್ ಎಂಟ್ರೆನ್ಸ್. ಬಾಗಿಲಿನಿಂದ ಹಡಗು ಬಂತು, ಉಪ್ಪುನೀರೂ ಬಂತು. ದಂಡೆಯನ್ನು ಹಿಡಿದಿಟ್ಟಿದ್ದ ಜೊಂಡು ಉಪ್ಪಿಗೆ ಸತ್ತಿತು. ಜೊಂಡು ಹೋದ ಮೇಲೆ ಅಲೆ ಮಣ್ಣು ತಿನ್ನತೊಡಗಿತು. ಆದರೆ ಸಿಹಿಯೂ ಅಲ್ಲದ ಉಪ್ಪೂ ಅಲ್ಲದ ಈ ನೀರು ಬ್ರೀಮಿಗೆ ಒಗ್ಗಿದೆ.

ಚಿಕ್ಕ ಗುಂಡು, ಸಿಗಡಿಯ ಚೂರು. ಅಜ್ಜನ ಮಾತು ಕೇಳಿದ್ದಕ್ಕೆ ಫಲ ಸಿಕ್ಕಿತು. ಎಂಟು ಗಂಟೆಯೊಳಗೆ ಮೂರು ಬ್ರೀಮ್. 24, 22, 25. ಒದ್ದೆ ಕೈಯಲ್ಲಿ ಹಿಡಿಯಬೇಕು, ಒಣ ಕೈಗೆ ಅದರ ಮೈಯ ಲೋಳೆ ಹೋಗುತ್ತದೆ. ಕೊಕ್ಕೆ ಬಿಡಿಸಬೇಕು, ಬಿಡಬೇಕು. ಪುಟ್ಟಿ ಭಾವನ ಅಳತೆಪಟ್ಟಿ ಹಿಡಿದು ನ್ಯಾಯಾಧೀಶರ ಹಾಗೆ ಕೂತಿದ್ದಳು. ನಾಲ್ಕನೆಯದು ಭಾವನಿಗೆ ಬಿತ್ತು. ನೋಡಿದಾಗಲೇ ದೊಡ್ಡದು ಎನ್ನಿಸಿತು. ಪಟ್ಟಿಯ ಮೇಲಿಟ್ಟರೆ ಇಪ್ಪತ್ತೇಳೂವರೆ.

ಭಾವ ಬಾಲವನ್ನು ಮೆಲ್ಲಗೆ ಒತ್ತಿದರು. ಒತ್ತಿದರೆ ಸ್ವಲ್ಪ ಉದ್ದವಾಗುತ್ತದೆ. "ಕಾಣು, ಇಪ್ಪತ್ತೆಂಟೇ ಉಂಟು."

"ಅಪ್ಪಾ, ಚೀಟಿಂಗ್!"

"ಅರ್ಧ ಸೆಂಟಿಮೀಟರ್ ಪುಟ್ಟಿ. ಮಧ್ಯಾಹ್ನದ ಒಳಗೆ ಬೆಳೆಯುತ್ತದೆ ಅದು."

"ಹಂಗಾದ್ರೆ ಬೆಳೆಯೋಕೆ ನೀರಿಗೇ ಬಿಡಿ."

ಬಿಟ್ಟರು. ಬಿಟ್ಟದ್ದು ಎಂಥ ಪುಣ್ಯ ಎಂದು ಹತ್ತು ನಿಮಿಷದ ಮೇಲೆ ತಿಳಿಯಿತು. ಬಿಳಿ ಗಾಡಿಯೊಂದು ಬಂದು ನಿಂತಿತು, ಮೀನುಗಾರಿಕೆ ಇಲಾಖೆಯ ಅಧಿಕಾರಿ ಇಳಿದರು. ಲೈಸೆನ್ಸ್ ತೋರಿಸಿ, ಎಸ್ಕಿ ತೆಗೆಯಿರಿ ಎಂದರು. ಎಸ್ಕಿ ಎಂದರೆ ಐಸ್ ತುಂಬುವ ಪೆಟ್ಟಿಗೆ, ಇಲ್ಲಿ ಅದಿಲ್ಲದೆ ಯಾರೂ ಮನೆ ಬಿಡುವುದಿಲ್ಲ. ನಮ್ಮದರಲ್ಲಿದ್ದದ್ದು ಐಸು, ಪಿಲ್ಚರ್ಡ್ ಮತ್ತು ಮೊಸರನ್ನದ ಡಬ್ಬ. ಅವರು ಡಬ್ಬದ ಮುಚ್ಚಳವನ್ನೂ ತೆಗೆಸಿ ನೋಡಿದರು. ಸಾಸಿವೆ ಒಗ್ಗರಣೆಯ ಮೊಸರನ್ನಕ್ಕೆ ಯಾವ ಅಳತೆಯೂ ಇಲ್ಲವಲ್ಲ, ನಕ್ಕು ಮುಚ್ಚಿದರು. ಇಲ್ಲಿ ಡಸ್ಕಿ ಫ್ಲಾಟ್‌ಹೆಡ್ ಎಂಬ ಮೀನಿಗೆ ಕನಿಷ್ಠ ಮಾತ್ರವಲ್ಲ, ಗರಿಷ್ಠವೂ ಇದೆ, 30ರಿಂದ 55ರ ಒಳಗೆ ಇದ್ದರೆ ಮಾತ್ರ ಇಟ್ಟುಕೊಳ್ಳಬಹುದು ಎಂದರು. ನಾವು ಹೋದಾಗಿನ ಲೆಕ್ಕ ಇದು. ಇಂಥ ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮುಂಚೆ ನೋಡಿಕೊಳ್ಳಿ. ಹೋಗುವಾಗ ಪುಟ್ಟಿಗೆ ಒಂದು ಅಂಟುವ ಅಳತೆಪಟ್ಟಿ ಕೊಟ್ಟರು. ಅವಳು ಅದನ್ನು ಎಸ್ಕಿಯ ಮುಚ್ಚಳಕ್ಕೆ ಅಂಟಿಸಿದಳು. ಅಲ್ಲಿಂದ ಮುಂದೆ ಅವಳು ಬಾಳೆಹಣ್ಣು, ಚಪ್ಪಲಿ, ನನ್ನ ಮೂಗು ಎಲ್ಲವನ್ನೂ ಅಳೆದಳು. ನಾನು ಯಾವ ಲೆಕ್ಕದಲ್ಲೂ ಇಟ್ಟುಕೊಳ್ಳುವ ಅಳತೆಗೆ ಬರಲಿಲ್ಲ.

ಹನ್ನೊಂದಕ್ಕೆ ಉತ್ತರದ ಗಾಳಿ ಶುರುವಾಯಿತು. ಒಳನಾಡಿನ ಒಣನೆಲದಿಂದ ಬರುವ ಗಾಳಿ ಅದು. ಒಲೆಯ ಬಾಗಿಲು ತೆಗೆದ ಹಾಗೆ. ಬೆಳಿಗ್ಗೆ ಸ್ವೆಟರ್ ಹಾಕಿದ್ದವರು ಮಧ್ಯಾಹ್ನ ಮರದ ನೆರಳು ಹುಡುಕಿದೆವು. ನೀರಿನ ಪಕ್ಕದ ಪಾರ್ಕಿನಲ್ಲಿ ಸಾರ್ವಜನಿಕ ಕರೆಂಟಿನ ಒಲೆ ಇತ್ತು. ಇಂಥವು ಇಲ್ಲಿ ಎಷ್ಟೋ ಪಾರ್ಕುಗಳಲ್ಲಿವೆ, ಬಿಟ್ಟಿ. ಗುಂಡಿ ಒತ್ತಿದರೆ ತಗಡು ಕಾಯುತ್ತದೆ, ನಾವು ಬೇಯಿಸಿಕೊಂಡು ಆಮೇಲೆ ಒರೆಸಿಟ್ಟು ಬರಬೇಕು. ಭಾವ ಸಾಸೇಜ್ ಇಟ್ಟರು, ಅಕ್ಕ ಪಕ್ಕದಲ್ಲಿ ಈರುಳ್ಳಿ ಹುರಿದಳು.

ಎದುರಿನ ಕೊಂಬೆಯ ಮೇಲೆ ಕೂಕಬರಾ ಕೂತಿತ್ತು. ಮಿಂಚುಳ್ಳಿಯ ಜಾತಿಯ ಹಕ್ಕಿ, ಆದರೆ ಗಾತ್ರದಲ್ಲಿ ಕಾಗೆಗೆ ಸರಿಸಮ. "ಎಷ್ಟು ಸಾಧು ಹಕ್ಕಿ ಅಲ್ವಾ" ಎಂದು ನಾನು ಫೋಟೊ ತೆಗೆಯುತ್ತಿದ್ದೆ. ಭಾವ ಮೊದಲ ಸಾಸೇಜನ್ನು ಫೋರ್ಕಿಗೆ ಚುಚ್ಚಿ ಬಾಯಿಯ ಹತ್ತಿರ ತಂದರು. ಏನೋ ಒಂದು ಸುಂಯ್ ಎಂದಿತು. ಫೋರ್ಕ್ ಇತ್ತು, ಸಾಸೇಜ್ ಇರಲಿಲ್ಲ. ಹಕ್ಕಿ ಆಗಲೇ ಕೊಂಬೆಯಲ್ಲಿ ಕೂತು ಸಾಸೇಜನ್ನು ಮರಕ್ಕೆ ಪಟಪಟ ಬಡಿಯುತ್ತಿತ್ತು. ಹಾವು, ಹಲ್ಲಿ ಹಿಡಿದಾಗ ಅದು ಹೀಗೆ ಬಡಿದು ಕೊಲ್ಲುತ್ತದೆ. ಬೆಂದ ಸಾಸೇಜನ್ನೂ ನಾಲ್ಕು ಸಲ ಕೊಂದು, ಖಾತ್ರಿ ಮಾಡಿಕೊಂಡು ನುಂಗಿತು. ಆಮೇಲೆ ಗಂಟಲೆತ್ತಿ ನಕ್ಕಿತು. ಕೂಕಬರಾ ನಗುವುದು ತನ್ನ ಜಾಗದ ಗಡಿ ಸಾರಲು ಎಂದು ಪುಸ್ತಕಗಳು ಹೇಳುತ್ತವೆ. ಅಂದು ಅದು ನಕ್ಕದ್ದು ಭಾವನನ್ನು ನೋಡಿಯೇ.

ಮಧ್ಯಾಹ್ನ ಮೀನಿಗೆ ರಜೆ ಕೊಟ್ಟು ರೇಮಂಡ್ ದ್ವೀಪಕ್ಕೆ ಹೋದೆವು. ಪೇನ್ಸ್‌ವಿಲ್‌ನ ದಡದಿಂದ ಎದುರಿಗೇ ಕಾಣುವ ದ್ವೀಪ. ಸರಪಳಿ ಎಳೆದುಕೊಂಡು ಹೋಗುವ ದೋಣಿಯಲ್ಲಿ ಕೆಲವೇ ನಿಮಿಷ. ನಡೆದು ಹೋಗುವವರಿಗೆ ದುಡ್ಡಿಲ್ಲ, ಕಾರಿಗೆ ಮಾತ್ರ. ಕಾರು ಬೇಕಾಗಿಯೂ ಇಲ್ಲ, ದೋಣಿ ಇಳಿದ ಕೂಡಲೇ ಕೊವಾಲಾ ದಾರಿ ಶುರುವಾಗುತ್ತದೆ. ಇಲ್ಲಿಗೆ ಕೊವಾಲಾಗಳನ್ನು ತಂದು ಬಿಟ್ಟದ್ದು 1953ರಲ್ಲಿ. ಈಗ ಜನರ ಮನೆಯಂಗಳದ ಮರಗಳಲ್ಲೇ ಇವೆ. ಒಬ್ಬರ ಅಂಚೆಪೆಟ್ಟಿಗೆಯ ಮೇಲಿನ ಕೊಂಬೆಯಲ್ಲಿ ಒಂದು, ಕವಲಿಗೆ ಕುಂಡೆ ಸಿಕ್ಕಿಸಿ ನಿದ್ದೆ ಹೊಡೆಯುತ್ತಿತ್ತು. ಅದು ದಿನಕ್ಕೆ ಇಪ್ಪತ್ತು ಗಂಟೆ ಮಲಗಬಲ್ಲದು. ನೀಲಗಿರಿ ಎಲೆಯಲ್ಲಿ ಸಿಗುವ ಶಕ್ತಿ ಅಷ್ಟಕ್ಕಷ್ಟೇ. ಆ ಎಲೆಗೂ ಇಲ್ಲಿ ತತ್ವಾರ. ಕೊವಾಲಾಗಳು ಜಾಸ್ತಿಯಾಗಿ, ತಿಂದೂ ತಿಂದೂ ಬೋಳಾದ ಮರಗಳು ದಾರಿಯುದ್ದಕ್ಕೂ ಕಂಡವು. ಬಂದವರೆಲ್ಲ ಕೊವಾಲಾದ ಫೋಟೊ ತೆಗೆಯುತ್ತಾರೆ. ನನಗೆ ಆ ಬೋಳು ಮರಗಳೇ ನೆನಪಿನಲ್ಲಿ ಉಳಿದಿವೆ.

ದಾರಿಯ ಅಂಚಿನಲ್ಲಿ ಮುಳ್ಳಿನ ಉಂಡೆಯೊಂದು ಮೂತಿಯಿಂದ ಮಣ್ಣು ಕೆದಕುತ್ತಿತ್ತು.

"ಮುಳ್ಳುಹಂದಿ ಮರಿ" ಎಂದರು ಭಾವ.

"ಎಕಿಡ್ನಾ ಅಪ್ಪ. ಇದು ಮೊಟ್ಟೆ ಇಡತ್ತೆ."

"ಮೊಟ್ಟೆ ಇಡುವ ಮುಳ್ಳುಹಂದಿ" ಎಂದು ಅವರು ತಿದ್ದಿಕೊಂಡರು. ನಾವು ಹತ್ತಿರ ಹೋದದ್ದೇ ಅದು ನಿಂತಲ್ಲೇ ನೆಲಕ್ಕೆ ಇಳಿಯತೊಡಗಿತು. ಲಿಫ್ಟಿನಲ್ಲಿ ಇಳಿದ ಹಾಗೆ. ಒಂದು ನಿಮಿಷದಲ್ಲಿ ಮುಳ್ಳು ಮಾತ್ರ ಮೇಲೆ ಉಳಿಯಿತು.

ವಾಪಸ್ ದೋಣಿಗೆ ಕಾಯುವಾಗ ನೈರುತ್ಯ ಕಪ್ಪಾಯಿತು. ಕೂಲ್ ಚೇಂಜ್ ಎಂದು ಇಲ್ಲಿ ಜನ ಹೇಳುವುದನ್ನು ಕೇಳಿದ್ದೆ, ಮೈಮೇಲೆ ಬಂದದ್ದು ಅವತ್ತು. ಉತ್ತರದ ಬಿಸಿಗಾಳಿ ಥಟ್ಟನೆ ನಿಂತಿತು. ಎರಡು ನಿಮಿಷ ಎಲೆ ಅಲ್ಲಾಡಲಿಲ್ಲ. ಆಮೇಲೆ ದಕ್ಷಿಣದಿಂದ ತಣ್ಣಗಿನ ಗಾಳಿ ನುಗ್ಗಿತು, ಪುಟ್ಟಿಯ ಟೋಪಿ ಹಾರಿಸಿಕೊಂಡು ಹೋಗಿ ನೀರಿಗೆ ಹಾಕಿತು. ಅರ್ಧ ಗಂಟೆಯಲ್ಲಿ ಮತ್ತೆ ಸ್ವೆಟರ್. ಹಾಗಾಗಿ ಬೇಸಿಗೆಯಲ್ಲೂ ವಿಕ್ಟೋರಿಯಾದಲ್ಲಿ ಸ್ವೆಟರ್ ಕಾರಿನಲ್ಲಿರಲಿ.

ಗಾಳಿ ತಿರುಗಿದ ಮೇಲೆ ಮೀನು ಕಚ್ಚುತ್ತದೆ ಎಂದು ಅಜ್ಜ ಹೇಳಿದ್ದರು. ಆರಕ್ಕೆ ಜೆಟ್ಟಿಯಲ್ಲಿದ್ದೆವು. ಅಜ್ಜ ಅವತ್ತು ಬಂದಿರಲಿಲ್ಲ. ಅವರ ಜಾಗದಲ್ಲಿ ಒಂದು ಹೆಜ್ಜಾರ್ಲೆ ಕೂತಿತ್ತು. ನಮ್ಮ ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಯ ನೆಂಟನೇ, ಆದರೆ ಇಡೀ ಪಕ್ಷಿಕುಲದಲ್ಲೇ ಉದ್ದ ಕೊಕ್ಕು ಇದರದ್ದು, ಅರ್ಧ ಮೀಟರಿನ ಹತ್ತಿರ. ಪುಟ್ಟಿ ದೂರದಿಂದಲೇ ಕಣ್ಣಳತೆ ಹಾಕಿ, "ಇದನ್ನ ಇಟ್ಕೋಬಹುದು ಮಾವ" ಎಂದಳು. ಈ ನೆಲದ ಮೂಲ ಜನ ಗುನೈಕುರ್ನೈಗಳ ಕತೆಯಲ್ಲಿ ಮೊದಲ ಮನುಷ್ಯನೇ ಬೊರುನ್ ಎಂಬ ಹೆಜ್ಜಾರ್ಲೆ. ಅವನು ತಲೆಯ ಮೇಲೆ ದೋಣಿ ಹೊತ್ತು ಬೆಟ್ಟದಿಂದ ಕಡಲಿನ ಕಡೆ ನಡೆದು ಬಂದ. ದಾರಿಯುದ್ದಕ್ಕೂ ಟಕ್ ಟಕ್ ಎಂಬ ಸದ್ದು, ಯಾರೆಂದು ಗೊತ್ತಿಲ್ಲ. ನೀರಿನ ಬಳಿ ದೋಣಿ ಇಳಿಸಿ ನೋಡಿದರೆ ಒಳಗೆ ಟುಕ್ ಎಂಬ ಬಾತುಕೋಳಿ ಹೆಣ್ಣು. ಅವರಿಬ್ಬರೇ ಗುನೈಕುರ್ನೈಗಳ ತಂದೆ ತಾಯಿ. ಅಕ್ಕ ಇದನ್ನು ಓದಿಕೊಂಡು ಬಂದಿದ್ದಳು. ಅವಳು ಹೇಳುತ್ತಿರುವಾಗ ಹಕ್ಕಿ ಕತ್ತು ವಾಲಿಸಿ ನಮ್ಮ ಎಸ್ಕಿಯನ್ನೇ ನೋಡುತ್ತಿತ್ತು.

ನನಗೆ ಮೊದಲು ಬಿತ್ತು. ಫ್ಲಾಟ್‌ಹೆಡ್. ಲಾರಿ ಹರಿದು ಚಪ್ಪಟೆಯಾದ ಮೊಸಳೆಯ ತಲೆ, ಮೀನಿನ ಬಾಲ. ಖುಷಿಯಲ್ಲಿ ಬರಿಗೈಯಲ್ಲಿ ಹಿಡಿದೆ. ಕಿವಿರಿನ ಪಕ್ಕದ ಮುಳ್ಳು ಹೆಬ್ಬೆರಳಿಗೆ ಹೊಕ್ಕಿತು. ಒದ್ದೆ ಬಟ್ಟೆ ಸುತ್ತಿ ಹಿಡಿಯಬೇಕು ಎಂದು ಆಮೇಲೆ ಪಕ್ಕದವರು ಹೇಳಿದರು. ರಕ್ತ ಸುರಿಯುತ್ತಿದ್ದರೂ ನಾನು ಕೇಳಿದ್ದು ಒಂದೇ, "ಎಷ್ಟು?" ಪುಟ್ಟಿ ಅಳೆದಳು. 41. ಮೊದಲ ಬಾರಿಗೆ ಎಸ್ಕಿಗೆ ಮೀನು ಇಳಿಯಿತು.

ಕತ್ತಲಾಗುತ್ತಿತ್ತು. ಪುಟ್ಟಿಯ ಪುಟ್ಟ ಕೋಲಿಗೆ ಭಾವ ಇಡೀ ಪಿಲ್ಚರ್ಡ್ ಒಂದನ್ನು ಚುಚ್ಚಿ ಕೊಟ್ಟಿದ್ದರು, ಮನಸ್ಸಿಲ್ಲದ ಮನಸ್ಸಿನಿಂದ. ಅವಳು ಕೋಲು ಕಾಲಿನ ಕೆಳಗಿಟ್ಟು ಬಿಸ್ಕತ್ತು ತಿನ್ನುತ್ತಿದ್ದಳು. ಕೋಲು ಜಾರಿತು. ನಾನು ಹಿಡಿದುಕೊಂಡು ಅವಳ ಕೈಗೆ ಕೊಟ್ಟೆ. ರೀಲು ಕಿರ್ರೆಂದು ಬಿಚ್ಚಿಕೊಳ್ಳುತ್ತಿತ್ತು. "ಎಳೀಬೇಡ, ಬಿಡು, ಈಗ ಸುತ್ತು" ಎಂದು ಭಾವ, "ಅವಳನ್ನ ಹಿಡ್ಕೊಳ್ರೀ, ಬೀಳ್ತಾಳೆ" ಎಂದು ಅಕ್ಕ. ಪಕ್ಕದಲ್ಲಿ ಗಾಳ ಹಾಕಿದ್ದವರು ತಮ್ಮ ದಾರಗಳನ್ನು ಸುತ್ತಿಕೊಂಡು ಜಾಗ ಬಿಟ್ಟರು. ಹತ್ತು ನಿಮಿಷ ಆಗಿರಬೇಕು. ಯಾರೋ ಬಲೆಯ ಚೀಲ ಇಳಿಸಿ ಎತ್ತಿಕೊಟ್ಟರು. ಜೆಟ್ಟಿಯ ಹಲಗೆಯ ಮೇಲೆ ಅದು ಬಿದ್ದಾಗ ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಅದರ ತಲೆಯೇ ನನ್ನ ಅಂಗೈಗಿಂತ ಅಗಲ.

63.

ಪುಟ್ಟಿ ಪಟ್ಟಿಯನ್ನು ಎರಡು ಸಲ ನೋಡಿದಳು. 55ಕ್ಕಿಂತ ದೊಡ್ಡವೆಲ್ಲ ಹೆಚ್ಚುಕಡಿಮೆ ಹೆಣ್ಣೇ, ಮೊಟ್ಟೆ ಇಡುವ ತಾಯಂದಿರು, ಅದಕ್ಕೇ ಅವನ್ನು ಬಿಡುವುದು ಎಂದು ಬೆಳಿಗ್ಗೆ ಅಧಿಕಾರಿ ಹೇಳಿದ್ದು ಅವಳಿಗೆ ನೆನಪಿತ್ತು. ತುಟಿ ನಡುಗ ಹತ್ತಿತು. ಬೆಳಿಗ್ಗೆ ಅರ್ಧ ಸೆಂಟಿಮೀಟರಿಗೆ ವಾದ ಮಾಡಿದ್ದ ಭಾವ ಈಗ ಒಂದು ಮಾತೂ ಆಡಲಿಲ್ಲ. ಟವೆಲು ಒದ್ದೆ ಮಾಡಿ, ಮೀನನ್ನು ಮಗುವಿನ ಹಾಗೆ ಎತ್ತಿ, ಮೆಟ್ಟಿಲು ಇಳಿದು ನೀರಿನಲ್ಲಿ ಹಿಡಿದು ನಿಂತರು. "ಬಾ, ನೀನೇ ಬಿಡು" ಎಂದರು. ಇಬ್ಬರೂ ಸೇರಿ ಹಿಡಿದರು. ಸ್ವಲ್ಪ ಹೊತ್ತು ಅದು ಸುಮ್ಮನೆ ಕಿವಿರು ಆಡಿಸುತ್ತಿತ್ತು, ಆಮೇಲೆ ಇರಲಿಲ್ಲ.

"ಫೋಟೊ ತೆಗೆದ್ಯೇನೋ?" ಎಂದು ಅಕ್ಕ ಕೇಳಿದಳು. ತೆಗೆದಿದ್ದೆ. ಅದರಲ್ಲಿ ಬಂದದ್ದು ಮಸುಕಾದ ಒಂದು ಬಾಲ ಮತ್ತು ಭಾವನ ಎಡಗಾಲು.

ನನ್ನ 41ನ್ನು ಮೀನು ಕೊಯ್ಯುವ ಸಾರ್ವಜನಿಕ ಮೇಜಿನಲ್ಲಿ ಸ್ವಚ್ಛ ಮಾಡಿದೆವು. ತಲೆ, ಕರುಳು ಹೋಗಬೇಕಾದದ್ದು ಕಸದ ಡಬ್ಬಕ್ಕೆ. ಆದರೆ ಬೊರುನ್ ಹಿಂದೆಯೇ ಬಂದು ನಿಂತಿದ್ದ. ಭಾವ ಆಚೆ ತಿರುಗಿದ್ದಷ್ಟೇ, ಮೇಜಿನ ಮೇಲಿದ್ದ ತಲೆ ಮಾಯ. ಮುಳ್ಳಿನ ಸಮೇತ. ಉಳಿದದ್ದಕ್ಕೆ ಮನೆಯಿಂದ ತಂದಿದ್ದ ಮಸಾಲೆ ಮತ್ತು ರವೆ. ನಾಲ್ವರಿಗೆ ತಲಾ ಎರಡು ತುಂಡು. ಕಾಣೆಯಷ್ಟು ಮೆತ್ತಗಿಲ್ಲ, ಆದರೆ ಮುಳ್ಳು ಕಡಿಮೆ, ಬೆಳ್ಳಗೆ, ಸಿಹಿ. ಭಾವ ಕೊನೆಯ ಚೂರು ತಿಂದು, "ಬೂತಾಯಿಗೆ ಬೆಲೆ ಬಂತು" ಎಂದರು.

ಸೋಮವಾರ

ವಾಪಸ್ ಹೊರಡುವ ಮೊದಲು ಅಕ್ಕನ ಹಟಕ್ಕೆ ಮೆಟಂಗ್ ಊರಿಗೆ ಹೋದೆವು. ಮೆಲ್ಬೋರ್ನಿಗೆ ವಿರುದ್ಧ ದಿಕ್ಕು, ಆದರೂ ಹೋಗಿ ನೋಡಬೇಕಾದ ಜಾಗ. ಅಲ್ಲಿ ದಡದ ಹತ್ತಿರ ನೀರಿನಲ್ಲಿ ಒಂದು ಬಂಡೆ ಇದೆ. ಗುನೈಕುರ್ನೈಗಳ ಕತೆ ಹೀಗೆ: ಬೆಸ್ತರು ಬಲೆ ತುಂಬಾ ಮೀನು ಹಿಡಿದರು, ಬೆಂಕಿ ಹಾಕಿ ಹೊಟ್ಟೆ ಬಿರಿಯುವಷ್ಟು ತಿಂದರು, ನಾಯಿಗಳಿಗೆ ಒಂದು ಚೂರೂ ಹಾಕಲಿಲ್ಲ. ಅದನ್ನು ಕಂಡ ಹೆಂಗಸರು ಅವರನ್ನು ಕಲ್ಲಾಗಿಸಿದರು. ಮೊದಲು ಮೂರು ಬಂಡೆ ಇದ್ದವು. ರಸ್ತೆ ಮಾಡುವಾಗ ಎರಡನ್ನು ಒಡೆದರು. ಭಾವ ಬಂಡೆಯನ್ನು ನೋಡಿ, ನಿನ್ನೆ ಹೆಜ್ಜಾರ್ಲೆಗೆ ತಲೆ ಹೋದದ್ದು ಒಳ್ಳೆಯದೇ ಆಯಿತು ಎಂದರು.

ಅಲ್ಲೇ ನಿಂತಿದ್ದಾಗ ಕೊಲ್ಲಿಯಲ್ಲಿ ಎರಡು ಬೆನ್ನುಗಳು ಎದ್ದು ಮುಳುಗಿದವು. ಬರುನಾನ್ ಡಾಲ್ಫಿನ್. ಇವು ಬೇರೆಯೇ ಪ್ರಭೇದ ಎಂದು ವಿಜ್ಞಾನಿಗಳು ಹೆಸರಿಟ್ಟದ್ದು 2011ರಲ್ಲಿ. ನಮ್ಮ ಲೈಸೆನ್ಸ್ ಇನ್ನೂ ಅರ್ಧ ದಿನ ಬಾಕಿ ಇತ್ತು, ಗಾಳ ತೆಗೆಯಲು ಯಾರಿಗೂ ಮನಸ್ಸಾಗಲಿಲ್ಲ.

ಬೇರ್ನ್ಸ್‌ಡೇಲ್ ದಾಟಿದ ಮೇಲೆ ರಸ್ತೆ ಬದಿಯಲ್ಲಿ ಕಾಂಗರೂ ಒಂದು ಸತ್ತು ಬಿದ್ದಿತ್ತು. ಮೈಮೇಲೆ ಗುಲಾಬಿ ಬಣ್ಣದಲ್ಲಿ ದೊಡ್ಡ ಗುಣಾಕಾರದ ಗುರುತು. ಯಾರು ಹೀಗೆ ಹಾಳು ಮಾಡಿದ್ದು ಎಂದು ನಾನು ಬೈಯುವುದರಲ್ಲಿದ್ದೆ. ಪುಟ್ಟಿ ಹೇಳಿದಳು, ಅವಳಿಗೆ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದಾರೆ. ತಾಯಿ ಸತ್ತರೂ ಚೀಲದಲ್ಲಿ ಮರಿ ಬದುಕಿರಬಹುದು. ಯಾರಾದರೂ ನಿಲ್ಲಿಸಿ ಚೀಲ ನೋಡಿದ್ದರೆ, ಮುಂದಿನವರು ಮತ್ತೆ ನಿಲ್ಲಿಸುವುದು ಬೇಡ ಎಂದು ಬಣ್ಣ ಹೊಡೆಯುತ್ತಾರೆ. ಮಬ್ಬುಗತ್ತಲಿನಲ್ಲಿ ಈ ರಸ್ತೆಗಳಲ್ಲಿ ನಿಧಾನ ಹೋಗಬೇಕು ಎಂಬುದು ನನಗೆ ಗೊತ್ತಿತ್ತು, ಇದು ಗೊತ್ತಿರಲಿಲ್ಲ. ಗಾಯಗೊಂಡ ಕಾಡುಪ್ರಾಣಿಗಳಿಗೆ ನೆರವಾಗುವ ವೈಲ್ಡ್‌ಲೈಫ್ ವಿಕ್ಟೋರಿಯಾ ಸಂಸ್ಥೆಯ ತುರ್ತು ನಂಬರನ್ನು ಅಲ್ಲೇ ಮೊಬೈಲಿಗೆ ಹಾಕಿಕೊಂಡೆ.

ಆಮೇಲೆ ಮೂರು ದಿನದ ರಜೆ ಮುಗಿಸಿ ಮರಳುವ ಇಡೀ ಮೆಲ್ಬೋರ್ನಿನ ಜೊತೆ ಸಾಲಿನಲ್ಲಿ ನಿಂತೆವು. ಮನೆ ಸೇರಿದಾಗ ರಾತ್ರಿ ಎಂಟು. ಉಳಿದ ಪಿಲ್ಚರ್ಡ್ ಕರಗಿ ಡಿಕ್ಕಿಯ ತುಂಬಾ ನೀರಾಗಿತ್ತು. ಆ ವಾಸನೆಯ ಬಗ್ಗೆ ಅಕ್ಕನ ಅಭಿಪ್ರಾಯ ಇಲ್ಲಿ ಬರೆಯುವಂಥದ್ದಲ್ಲ.

ಅಮ್ಮನಿಗೆ ಫೋನ್ ಮಾಡಿದೆ. ಊರಲ್ಲಿ ಮಧ್ಯಾಹ್ನ.

"ಎಷ್ಟು ಮೀನು ಸಿಕ್ತನಾ?"

"ಏಳು."

"ಏಳಾ! ಎಂಥ ಮಾಡಿದ್ರಿ?"

"ಒಂದು ತಿಂದ್ವಿ. ಆರು ವಾಪಸ್ ಬಿಟ್ವಿ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಶೃಂಗೇರಿ ದೇವರ ಮೀನಾದ್ರೆ ಯಾರೂ ಹಿಡಿಯೋದೇ ಇಲ್ಲ. ಹಿಡಿದು ಬಿಡೋದು ಎಂಥದು? ನಿಮ್ಮಜ್ಜ ಮಳೆಗಾಲದಲ್ಲಿ ಗದ್ದೆಗೆ ಹತ್ತಿ ಬಂದ ಮೀನು ಒಂದಾದ್ರೂ ಬಿಟ್ಟಿದ್ರಾ? ಅದೂ ಮೊಟ್ಟೆ ಇದ್ದದ್ದೇ ಬೇಕು ಅವರಿಗೆ."

"ಇಲ್ಲಿ ಅಳತೆ ಇದೆ ಅಮ್ಮ. ಇಪ್ಪತ್ತೆಂಟು ಸೆಂಟಿಮೀಟರ್ ಇರ್ಬೇಕು."

"ಅಂದ್ರೆ ಎಷ್ಟು?"

ನಾನು ಎಸ್ಕಿಯ ಮುಚ್ಚಳದ ಪಟ್ಟಿಯ ಮೇಲೆ ಕೈ ಹಾಸಿ ನೋಡಿದೆ. "ಒಂದು ಗೇಣು, ಮೇಲೆ ಮೂರು ಬೆರಳು."

"ಯಾರ ಗೇಣು?" ಎಂದಳು ಅಮ್ಮ.